ಲಿಂಗಿಯ ಕೊರಳಿನ ಹಲಗೆ

—ಹಲಗೆಯ ದಾರ ನೂಲಿನದೋ, ಸೆಣಬಿನದೋ, ಅದನ್ನೂ ಖಚಿತವಾಗಿ ಹೇಳಲಾರೆ. ನೆನಪು ಆ ದಿನಕ್ಕೆ ಮಳೆಯನ್ನೂ ಸೇರಿಸುತ್ತದೆ. ಅದನ್ನು ನಾನು ನಂಬುವುದಿಲ್ಲ. ಅಳುಬುರುಕ ನೆನಪು. ಆದರೆ ಇಷ್ಟು ನಿಜ: ಲಿಂಗಿ, ನಿನ್ನ ಕೊರಳಿಗೆ ಆ ಹಲಗೆ ಬಂದದ್ದು ನನ್ನಿಂದ. ಅದು ಹೆಡ್‌ಮಿಸ್ ಯೋಚನೆಯಲ್ಲ. ನನ್ನದು.

ಎಪ್ಪತ್ತರ ದಶಕದ ತುಮಕೂರು. ಹೆಣ್ಣುಮಕ್ಕಳ ಇಂಗ್ಲಿಷ್ ಮೀಡಿಯಂ ಹೈಸ್ಕೂಲು. ನಾನು ಗುಬ್ಬಿಯ ವಕೀಲರ ಮಗಳು, ಕ್ಲಾಸ್ ಲೀಡರ್. ನೀನು ಯಡಿಯೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದವಳು. ಇಂಗ್ಲಿಷಿನಲ್ಲಿ ನೀರು ಕೇಳಲೂ ತಡವರಿಸುತ್ತಿದ್ದೆ. ಗ್ವೆನ್ ಮಿಸ್ ಇಂಗ್ಲಿಷ್ ಕಲಿಸಲು ಬಂದವರು, ಆದರೆ ತಾವು ಇಂಗ್ಲೆಂಡಿನವರಲ್ಲ, ವೇಲ್ಸಿನವರು ಎಂದು ಪದೇ ಪದೇ ಹೇಳುತ್ತಿದ್ದರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ತಮ್ಮ ವೆಲ್ಷ್ ಭಾಷೆ, ಹಾಡು, ಹಬ್ಬಗಳನ್ನು ಹೇಳಿಕೊಡುತ್ತಿದ್ದರು. ಪರೀಕ್ಷೆಗಿಲ್ಲದ ಭಾಷೆ. ನನಗೆ ಕಂಡರಾಗುತ್ತಿರಲಿಲ್ಲ. ಅದರಲ್ಲೊಂದು ವಿಚಿತ್ರ 'ಲ' — ನಾಲಗೆಯನ್ನು ಹಲ್ಲಿಗೊತ್ತಿ ಪಕ್ಕದಿಂದ ಗಾಳಿ ಬಿಡಬೇಕು. ನಾನು ಬಿಟ್ಟಾಗ ಎಂಜಲು ಹಾರಿತು. ಕ್ಲಾಸೆಲ್ಲ ನಕ್ಕಿತು. ನೀನು ಎದ್ದು ಸಲೀಸಾಗಿ ಹೇಳಿದೆ.

"ಒಲೆ ಊದ್ದಂಗ್ ಊದು ಕಣೇ, ಬತ್ತದೆ," ಎಂದೆ ನನಗೆ.

ನೀನು ನನಗೆ ಹೇಳಿಕೊಡಲು ಬಂದೆಯಲ್ಲ — ಅದನ್ನು ನಾನು ಕ್ಷಮಿಸಲಿಲ್ಲ.

ಮುಂದಿನ ವಾರವೋ, ತಿಂಗಳ ಮೇಲೋ, ಮಿಸ್ ತಮ್ಮ ಅಜ್ಜಿಯ ಶಾಲೆಯ ಕತೆ ಹೇಳಿದರು. ಅಲ್ಲಿ ಮಗು ಮನೆಮಾತಿನಲ್ಲಿ ಬಾಯಿಬಿಟ್ಟರೆ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರಂತೆ. ಅದು ಇಳಿಯಬೇಕಾದರೆ ಹಾಗೆ ಮಾತಾಡಿದ ಇನ್ನೊಂದು ಮಗುವನ್ನು ಹಿಡಿದುಕೊಡಬೇಕು. ಸಂಜೆ ಗಂಟೆ ಹೊಡೆದಾಗ ಅದು ಯಾರ ಕೊರಳಲ್ಲಿರುತ್ತದೋ ಅವರಿಗೆ ಏಟು. ಹೇಳುತ್ತ ಮಿಸ್ ಕಿಟಕಿಯ ಕಡೆ ತಿರುಗಿದರು. ಉಳಿದವರು ಮರುಗಿದರು. ನಾನು? ಉಪಾಯ ಚೆನ್ನಾಗಿದೆ ಎಂದುಕೊಂಡೆ.

ನೇರ ಹೆಡ್‌ಮಿಸ್ ಕೋಣೆಗೆ ಹೋದೆ. "ಹಿಂಗ್ ಮಾಡಿದ್ರೆ ಎಲ್ರೂ ಇಂಗ್ಲಿಷ್ ಮಾತಾಡ್ತಾರೆ ಮಿಸ್."

"ಜಾಣೆ ಕಣೇ ನೀನು! ನಂಗೆ ಹೊಳೀಲೇ ಇಲ್ಲ ನೋಡು," ಎಂದರು. ಕನ್ನಡದಲ್ಲೇ.

ಮುರಿದ ಬೆಂಚಿನ ತುಂಡಿಗೆ ತೂತು ಕೊರೆಸಿ ನನ್ನ ಕೈಗೇ ಕೊಟ್ಟರು. ನಲ್ಲಿಯ ಹತ್ತಿರ ಬೇಕೆಂದೇ ನಿನ್ನ ಕಾಲು ತುಳಿದೆ.

"ಅಯ್ಯೋ, ಕಾಲ್ ಬುಡೇ!"

ಹಾಕಿಬಿಟ್ಟೆ.

ಒಂದು ಗಂಟೆಯಲ್ಲಿ ದಾಟಿಸಬಹುದಿತ್ತು ನೀನು. ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ಯಾರು ಕನ್ನಡ ಆಡುತ್ತಿರಲಿಲ್ಲ? ನಾನೇ ಆಡುತ್ತಿದ್ದೆ, ನಿನ್ನೆದುರಿಗೇ. "ಯಾರ್‌ನಾದ್ರೂ ಹಿಡ್ಕೊಡೇ, ಮುಗೀತದೆ," ಎಂದು ಪಕ್ಕದವಳು ಗೋಗರೆದಳು. "ನನ್ ಕೈಲಾಗಾಕಿಲ್ಲ, ಬುಡು," ಎಂದೆ ನೀನು. ದಿನವೂ ಸಂಜೆ ಏಟಿಗೆ ಅಂಗೈ ಚಾಚಿದೆ. ಇದನ್ನು ನಿನ್ನ ದೊಡ್ಡಗುಣ ಎಂದು ಬರೆಯಲು ಕೈ ತವಕಿಸುತ್ತದೆ. ಬರೆಯುವುದಿಲ್ಲ. ಬರೀ ಹಟವಿರಬಹುದು. ನಮ್ಮೆಲ್ಲರ ಮೇಲಿನ ಹೇಸಿಗೆಯೂ ಇರಬಹುದು.

ಆಮೇಲೆ ಗ್ವೆನ್ ಮಿಸ್ ಅದನ್ನು ನೋಡಿದರು. ಹಲಗೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಇಡೀ ಕ್ಲಾಸಿನ ಎದುರು ನಿನ್ನ ಕ್ಷಮೆ ಕೇಳಿದರು — ಕತೆ ಹೇಳಿ ತಪ್ಪು ಮಾಡಿದೆ ಎಂದು. ಆ ಕತೆಯನ್ನು ಹೆಡ್‌ಮಿಸ್ ಬಳಿಗೆ ಹೊತ್ತೊಯ್ದವಳು ಯಾರೆಂದು ಅವರು ಕೇಳಲಿಲ್ಲ. ನಾನು ಮೊದಲ ಬೆಂಚಿನಲ್ಲಿದ್ದೆ. ಬಾಯಿ ಬಿಡಲಿಲ್ಲ. ಅವರು ಮತ್ತೆಂದೂ ವೆಲ್ಷ್ ಕಲಿಸಲಿಲ್ಲ. ಶುಕ್ರವಾರ ಆ ಹೊತ್ತಿಗೆ ಹೊಲಿಗೆ ಕ್ಲಾಸು ಬಂತು. ದಸರಾ ರಜೆಗೆ ಊರಿಗೆ ಹೋದ ನೀನು ತಿರುಗಿ ಬರಲಿಲ್ಲ.

ಹಾಸನಕ್ಕೆ ಹೋಗುವಾಗ ಬಸ್ಸು ಯಡಿಯೂರಿನಲ್ಲಿ ನಿಲ್ಲುತ್ತದೆ. ಜನ ಇಳಿದು ಕಾಫಿ ಕುಡಿಯುತ್ತಾರೆ. ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಇಳಿದಿಲ್ಲ. ಇಳಿದು ನಿನ್ನ ಮನೆ ಕೇಳಬಹುದಿತ್ತು. ನೀನು ಮತ್ತೆ ಯಾವುದಾದರೂ ಶಾಲೆಗೆ ಸೇರಿದೆಯೋ, ಕೊಟ್ಟಿಗೆ ಗುಡಿಸುತ್ತ ಉಳಿದೆಯೋ, ಆ ಉಪಾಯ ನನ್ನದೆಂದು ಆಗಲೇ ತಿಳಿದೂ ಸುಮ್ಮನಿದ್ದೆಯೋ — ನನಗೆ ಗೊತ್ತಿಲ್ಲ.