ಪಂಪುಮನೆಗಳ ಬಾಗಿಲು ಕಾಯುವ ರೆತ್ನೊ

ಕಚೇರಿಯಲ್ಲಿ ಎಲ್ಲರೂ ಬು ರೆತ್ನೊಳನ್ನು ‘ಜುರು ಕುಂಚಿ’ ಎಂದು ರೇಗಿಸುತ್ತಿದ್ದರು. ಗೋರಿಗಳ ಬೀಗದ ಕೈ ಇಟ್ಟುಕೊಂಡು ಕಾಯುವವರಿಗೆ ಜಾವಾದಲ್ಲಿ ಹಾಗೆನ್ನುತ್ತಾರೆ; ಹೆಂಗಸರನ್ನು ‘ಬು’, ಗಂಡಸರನ್ನು ‘ಪಾಕ್’ ಎಂದು ಕರೆಯುವುದು ಅಲ್ಲಿನ ಮರ್ಯಾದೆ. ಇವಳು ಕಾಯುತ್ತಿದ್ದದ್ದು ಉತ್ತರ ಕರಾವಳಿಯ ಪಂಪುಮನೆಗಳನ್ನು. ಸಮುದ್ರ ಉಬ್ಬಿ ಬೀದಿಗೆ ನುಗ್ಗಿದಾಗ ನೀರನ್ನು ಹೊರದಬ್ಬುವ ಆ ಪಂಪುಗಳನ್ನು ಕಂಪ್ಯೂಟರಿನ ಪುಟಗಳಿಂದಲೇ ನಡೆಸಬೇಕು. ಮೊದಲು ಒಂದೊಂದು ಪುಟಕ್ಕೂ ಒಂದೊಂದು ದಾರಿ, ಯಾರು ಬೇಕಾದರೂ ಬರಬಹುದಿತ್ತು. ಯಾವನೋ ಕಿಡಿಗೇಡಿ ಎಲ್ಲಿಂದಲೋ ನುಸುಳಿ ಪಂಪು ನಿಲ್ಲಿಸಿದ ಮೇಲೆ ರೆತ್ನೊ ಹಟ ಹಿಡಿದು ಎಲ್ಲ ದಾರಿಗಳನ್ನೂ ಮುಚ್ಚಿಸಿ ಒಂದೇ ಬಾಗಿಲು ಮಾಡಿದಳು. ಅಲ್ಲಿ ಪಾಸ್‌ವರ್ಡ್ ಕೊಟ್ಟರೆ ಸಾಲದು. ‘ಬಾಗಿಲಲ್ಲಿರುವುದು ನೀವೇನಾ?’ ಎಂದು ಅವರವರ ಫೋನಿಗೆ ಪ್ರಶ್ನೆ ಬರುತ್ತದೆ. ಹೌದು ಎಂದು ಒತ್ತಿದರೆ ಮಾತ್ರ ಪ್ರವೇಶ. ಕೆಲಸ ಚೊಕ್ಕವಾಗಿತ್ತು. ಅವಳಿಗೆ ಜಂಬವೂ ಇತ್ತು, ಇಲ್ಲ ಎಂದು ಯಾಕೆ ಹೇಳಬೇಕು.

ಒಂದು ಸಂಜೆ ನೀರು ಏರುತ್ತಿದ್ದಾಗ ಪಂಪುಮನೆಯ ಹಳೇ ನೌಕರ ಪಾಕ್ ಕಸ್ಮುರಿ ಅಲ್ಲಿನ ದೂರವಾಣಿಯಿಂದ ಕರೆ ಮಾಡಿದರು.

“ಬು, ಫೋನು ಮನೇಲೇ ಮರೆತು ಬಂದೀನಿ. ತುಮಿನಾಗೆ ಹೇಳ್ತೀನಿ, ಅವಳೇ ಹೌದು ಅಂತ ಒತ್ತಿಬಿಡ್ಲಿ.”

“ಬೇಡ ಪಾಕ್. ಅದು ನಿಮ್ಮ ಕೈಯಲ್ಲೇ ಆಗ್ಬೇಕು. ಇವತ್ತು ಹೆಂಡ್ತಿ ಒತ್ತಿದ್ರೆ ನಾಳೆ ಪಕ್ಕದ್ಮನೆಯವರು ಒತ್ತುತಾರೆ. ಮನೆ ಹತ್ರಾನೇ ಅಲ್ವಾ, ತಗೊಂಡು ಬಂದ್ಬಿಡಿ.”

“ನನ್ನ ಹೆಂಡ್ತಿನೂ ನಿಮಗೆ ಕಳ್ಳಿ ಥರ ಕಾಣ್ತಾಳಲ್ಲ” ಎಂದು ನಕ್ಕು ಅವರು ಫೋನಿಟ್ಟರು.

ಮನೆ ಹತ್ತಿರವೇ, ನಿಜ. ಆದರೆ ನಡುವೆ ಬೀದಿ ಯಾವುದು, ಕಾಲುವೆ ಯಾವುದು ಎಂದು ತಿಳಿಯದಷ್ಟು ನೀರು ನಿಂತಿತ್ತು. ಮಾರನೆಯ ದಿನ ಹೆಣ ಸಿಕ್ಕಿತು.

ಯಾರೂ ರೆತ್ನೊಳನ್ನು ಬೈಯಲಿಲ್ಲ. ನಿಯಮದಂತೆ ನಡೆದುಕೊಂಡಿದ್ದಾಳೆ ಎಂದರು. ಆ ಮಾತೇ ಅವಳನ್ನು ಒಳಗೊಳಗೆ ತಿಂದಿತು. ಸತ್ತವರ ಹೆಸರನ್ನು ಬಾಗಿಲಿನಿಂದ ತೆಗೆಯುವುದೂ ಅವಳದೇ ಕೆಲಸ. ತೆಗೆಯಲು ಹೋದಾಗಲೆಲ್ಲ ಕೈ ಹಿಂದೆ ಬರುತ್ತಿತ್ತು. ನಾಳೆ ಎಂದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅವಳ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಕಸ್ಮುರಿ ಒಳಗೆ ಬಂದರು.’ ಮಾರನೆಯ ಸಂಜೆಯೂ ಬಂದರು. ಅದರ ಮರುದಿನವೂ, ಹೊತ್ತು ಮುಳುಗುವಾಗಿನ ಮಗ್ರಿಬ್ ನಮಾಜಿನ ಬಾಂಗ್ ಕೇಳುವ ಹೊತ್ತಿಗೇ.

“ಏನ್ರೀ ಜುರು ಕುಂಚಿ, ನಿಮ್ಮ ಗೋರಿಯಿಂದ ಯಾರೋ ಎದ್ದು ಓಡಾಡ್ತಾ ಇದಾರೆ” ಎಂದ ಪಕ್ಕದ ಮೇಜಿನ ವಿರೊ. ಅವಳ ಮುಖ ನೋಡಿ ತನ್ನ ಪರದೆಗೆ ತಿರುಗಿಕೊಂಡ.

ಅರ್ಧ ಸಂಗತಿ ಅವಳಿಗೆ ಬೇಗ ಗೊತ್ತಾಯಿತು. ಪಂಪುಮನೆಯ ಕಂಪ್ಯೂಟರು ಕಸ್ಮುರಿಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿತ್ತು. ಪ್ರತಿ ಸಂಜೆ ಒಂದು ದಿನದ ಅನುಮತಿ ಮುಗಿದೊಡನೆ ಅದು ತಾನಾಗಿಯೇ ಮತ್ತೆ ಬಾಗಿಲು ಬಡಿಯುತ್ತಿತ್ತು. ಆದರೆ ಹೌದು ಎನ್ನುತ್ತಿದ್ದವರು ಯಾರು? ಹೆಸರನ್ನು ಇವತ್ತೇ ತೆಗೆಯಬೇಕು, ಫೋನನ್ನೂ ಕೇಳಿ ತರಬೇಕು ಎಂದು ಗಟ್ಟಿ ಮನಸ್ಸು ಮಾಡಿ ಕಸ್ಮುರಿಯ ಮನೆಗೆ ಹೋದಳು.

ಬು ತುಮಿನಾ ಸಿಹಿ ಚಹಾ ತಂದಿಟ್ಟಳು. ಫೋನು ಮಡಿಲಲ್ಲೇ ಇತ್ತು.

“ನಾನೇ ಒತ್ತೋದು” ಎಂದಳು, ಕೇಳುವ ಮೊದಲೇ. “ಅವತ್ತು ಇದಕ್ಕೇ ಫೋನ್ ಮಾಡಿದ್ರು. ನಾನು ಒತ್ಲಾ ಅಂದೆ. ‘ಬೇಡ ಕಣೇ, ಬು ರೆತ್ನೊ ಬೇಡ ಅಂದಿದಾರೆ, ನಾನೇ ಬರ್ತೀನಿ’ ಅಂದ್ರು. ಅವರು ದಾರೀಲಿದ್ದಾಗ ಇದು ಮತ್ತೆ ಮತ್ತೆ ಕೇಳ್ತಾನೇ ಇತ್ತು, ನಾನು ಸುಮ್ನೆ ನೋಡ್ತಾ ಕೂತಿದ್ದೆ. ಈಗ ಕೇಳಿದ ತಕ್ಷಣ ಒತ್ತಿಬಿಡ್ತೀನಿ. ಅವರು ಆ ನೀರಲ್ಲಿ ಬರೋದೇ ಬೇಡ, ಅಲ್ಲೇ ಇರ್ಲಿ.”

ಫೋನು ಕೊಡಿ ಎನ್ನಲು ರೆತ್ನೊ ಬಾಯಿ ತೆರೆದಳು. ಆಗ ಬಾಂಗ್ ಕೇಳಿಸಿತು. ಮಡಿಲಲ್ಲಿದ್ದ ಫೋನು ಅದುರಿತು.

ತುಮಿನಾ ಅದನ್ನು ಇಬ್ಬರ ನಡುವೆ ಹಿಡಿದಳು. ದನಿಯಲ್ಲಿ ಕೋಪವಿರಲಿಲ್ಲ. “ಈಗ ನೀವೇ ಇದೀರಲ್ಲ, ಹೇಳಿ ಬು. ಒತ್ಲಾ, ಬೇಡ್ವಾ?”

“ಒತ್ತಿ, ಬು” ಎಂದಳು ರೆತ್ನೊ.