ಅತ್ತೆಯ ಹೆಸರಿನ ಮೊಮ್ಮಗಳು

ನಾನು ಕಲಿತದ್ದು ಎರಡನೆಯ ಇಯತ್ತೆ. ಆದರೂ ಇದನ್ನು ಬರೆಯದೆ ಇರಲಾರೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ.

ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಹಳೇ ಊರು ಮುಳುಗಿದ ವರ್ಷವೇ ನಮ್ಮ ಅತ್ತೆ ತೀರಿಕೊಂಡರು. ಬೀಳಗಿ ಕಡೆ ಕೊಟ್ಟ ಹೊಸ ಜಾಗದಲ್ಲಿ, ತಗಡಿನ ಮನೆಯಲ್ಲಿ, ಮಗನಿಗೆ ಹೆಣ್ಣು ಹುಟ್ಟಿತು. ಕೂಸಿಗೆ ಅತ್ತೆಯ ಹೆಸರನ್ನೇ ಇಟ್ಟೆವು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ಮೊಮ್ಮಗಳನ್ನು ‘ಅತ್ತಿ’ ಅಂತಲೇ ಕರೆದೆ. ಬಯ್ಯುವಾಗಲೂ ಮರ್ಯಾದೆ ಬಿಡುವಂತಿಲ್ಲ. “ಅತ್ತೀ, ಕೆಸರಾಗ ಆಡಬ್ಯಾಡ್ರಿ!” ಆಕೆಯೂ ಕಡಿಮೆಯಿಲ್ಲ. “ಸೊಸಿ, ಬೆಣ್ಣಿ ತಾ” ಎಂದು ಜೋರು ಮಾಡುವಳು.

ಆರನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಕಂಪಾಸ್ ಪೆಟ್ಟಿಗೆ ಮರೆತು ಹೋದಳು. ನಾನು ಶಾಲೆಯ ಬಾಗಿಲಲ್ಲಿ ನಿಂತು, “ಅತ್ತೀ, ಇದನ್ನ ಬಿಟ್ಟ ಬಂದೀರಲ್ಲಾ!” ಎಂದೆ. ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. “ನಿನ್ನ ಸೊಸಿ ಬಂದಾಳ ನೋಡಬೇ!” ಎಂದು ಒಬ್ಬಳು ಕೂಗಿದಳು.

ಸಂಜೆ ಅಳುತ್ತ ಬಂದಳು. ‘ಸೊಸಿ’ ಬಿಟ್ಟು, ಬೇರೆ ಮೊಮ್ಮಕ್ಕಳು ಅಜ್ಜಿಯನ್ನು ಕರೆಯುವಂತೆ ‘ಆಯಿ’ ಎಂದಳು. “ಆಯಿ, ಹೆಸರ ಹಿಡದ ಕರಿ. ಇಲ್ಲಾ, ಕರೀಬ್ಯಾಡ.”

ಪ್ರಯತ್ನ ಮಾಡಿದೆ. ಹೆಸರು ನಾಲಿಗೆಯ ತುದಿಗೆ ಬರುವುದು, ಅತ್ತೆಯ ಮುಖ ಕಾಣುವುದು, ಬಾಯಿ ತಾನೇ ಮುಚ್ಚುವುದು. ಎಂಟು ದಿನ ಕರೆಯಲೇ ಇಲ್ಲ. ಊಟಕ್ಕೆ ಕರೆಯಲು ತಾಟು ಬಡಿದೆ. ಅತ್ತೆ ಎರಡನೆಯ ಸಲ ಹೋದಂತಾಯಿತು.

ಒಂಬತ್ತನೆಯ ದಿನ ಓಡುತ್ತ ಬಂದಳು, ಕೈಯಲ್ಲಿ ಶಾಲೆಯ ಕಪಾಟಿನ ಪುಸ್ತಕ. ಭೂಮಿಯ ಉತ್ತರದ ತುದಿಯಲ್ಲಿ, ಹಿಮದ ಸೀಮೆಯಲ್ಲಿ, ಇನ್ಯೂಟ್ ಎಂಬ ಜನ ಇದ್ದಾರಂತೆ.

“ಇಲ್ಲೆ ಕೇಳ, ಆಯಿ. ಅವರೂ ಸತ್ತ ಹಿರ್ಯಾರ ಹೆಸರ ಕೂಸಿಗೆ ಇಡತಾರಂತ. ಆಮ್ಯಾಲ ಬಳಗ ಹಚ್ಚೇ ಕರೀತಾರಂತ. ತನ್ನ ತಾಯಿ ಹೆಸರ ಇಟ್ಟ ಕೂಸಿಗೆ ಮುದುಕಿ ‘ಅನಾನಾ’ ಅಂತಾಳ. ಅಂದ್ರ ಅವರ ಮಾತಿನ್ಯಾಗ ಅವ್ವ!”

“ಅಷ್ಟ ದೂರ ನಮಗ ಬೀಗರ ಅದಾರೇನ?” ಎಂದೆ. ನನ್ನ ಕಣ್ಣು ಒದ್ದೆಯಾಗಿದ್ದವು.

“ಮಾಸ್ತರು ಇದನ್ನ ವರ್ಗದಾಗ ನನ್ನ ಕಡೆನ ಓದಿಸಿದ್ರು. ಒಬ್ಬರೂ ನಗಲಿಲ್ಲ.”

“ಹಂಗಾರ ಕರೀಲೇನ?”

ಪುಸ್ತಕ ಬಗಲಲ್ಲಿಟ್ಟುಕೊಂಡು ಒಳಗೆ ಹೋದಳು. ಮರುದಿನ ಆಕೆ ಶಾಲೆಗೆ ಹೋದ ಮೇಲೆ ನೋಡಿದರೆ, ಕಂಪಾಸ್ ಪೆಟ್ಟಿಗೆ ಹೊಸ್ತಿಲ ನಟ್ಟನಡುವೆ ಕೂತಿದೆ, ನಾನು ಎಡವಲಿ ಎಂಬಂತೆ. ಓಡಿದೆ. ಶಾಲೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕರೆದೆ, “ಅತ್ತೀ...”

ಎದ್ದು ಬಂದಳು. ಸೊಂಟದ ಮೇಲೆ ಕೈ ಇಟ್ಟು, ಇಡೀ ವರ್ಗಕ್ಕೆ ಕೇಳುವ ಹಾಗೆ ಅಂದಳು: “ಎಷ್ಟ ತಡಾ ಮಾಡೀದಿ, ಸೊಸಿ!”

ಥೇಟ್ ನಮ್ಮ ಅತ್ತೆ.