ಊರು ಹೇಳದೆ ಹೋದವಳು

ವಿಶ್ವನಾಥ ಗಲ್ಲಿಯ ಪಕ್ಕದ ಸಂದಿಯಲ್ಲಿ ಬದರೀನಾರಾಯಣಾಚಾರ್ಯರ ಮನೆ. ಕರ್ನಾಟಕದಿಂದ ಕಾಶಿಗೆ ಬಂದವರಿಗೆ ಕರ್ಮ ಮಾಡಿಸುವುದು ಆಚಾರ್ಯರ ಕೆಲಸ. ಹಿಂದೆ ಬಂದುಹೋದವರ ಹೆಸರು ಹುಡುಕಿಕೊಡುವುದು ಅವರ ಹೆಂಡತಿ ಅಂಬುಜಾಕ್ಷಿಯ ಕೆಲಸ. ಆಚಾರ್ಯರಿಗೆ ಮಂತ್ರಗಳೆಲ್ಲ ಬಾಯಿಪಾಠ, ತಮ್ಮ ಕನ್ನಡಕ ಎಲ್ಲಿದೆಯೆಂಬುದನ್ನು ಮಾತ್ರ ಹೆಂಡತಿಯನ್ನೇ ಕೇಳಬೇಕು.

ಮನೆಯಲ್ಲಿ ಮೂರು ತಲೆಮಾರಿನ ವಹಿಗಳಿದ್ದವು. ಯಾತ್ರೆಗೆ ಬಂದವರು, ಕಾಶೀವಾಸಕ್ಕೆಂದು ಬಂದು ಇಲ್ಲೇ ಉಳಿದವರು, ಎಲ್ಲರ ಹೆಸರೂ ಅವುಗಳಲ್ಲಿತ್ತು. ಹೆಸರಿನ ಮುಂದೆ ಊರು, ಗೋತ್ರ, ಏನಾದರೂ ಆದರೆ ಯಾರಿಗೆ ಹೇಳಿಕಳಿಸಬೇಕು ಎಂಬುದು. ಮೊದಲೆಲ್ಲ ಒಂದು ಹೆಸರಿಗಾಗಿ ಇಡೀ ದಿನ ಪುಟ ತಿರುವಬೇಕಿತ್ತು. ಅಂಬುಜಾಕ್ಷಿ ಆರು ವರ್ಷ ಕೂತು, ಹಳೆಯ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ತಲೆಗೊಂದು ಚೀಟಿ ಬರೆದು, ಊರಿಗೊಂದು ಕಟ್ಟು ಕಟ್ಟಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಜೋಡಿಸಿದಳು. ಗೋದೌಲಿಯಾ ಚೌಕದಲ್ಲಿ ರಿಕ್ಷಾ ಇಳಿದು ಬಂದವರು ನೀರು ಕುಡಿದು ಮುಗಿಸುವಷ್ಟರಲ್ಲಿ ಅವರ ಮುತ್ತಜ್ಜನ ಹೆಸರು ಎದುರಿಗಿರುತ್ತಿತ್ತು. ಅವಳಿಗೆ ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ದುಡಿದು ಗಳಿಸಿದ ಜಂಬ.

ತೊಂಬತ್ತೆರಡರ ಚೈತ್ರದಲ್ಲಿ ಸವಣೂರ ಕಡೆಯ ಸುಂದರಮ್ಮ, ಗಂಡ ತೀರಿದ ಮೇಲೆ, ಕೊನೆಗಾಲಕ್ಕೆಂದು ಬಂದು ಅವರ ಮಹಡಿಯ ಕೋಣೆ ಹಿಡಿದರು. ಮಿತಭಾಷಿ. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಡಬ್ಬಿಗಳ ಮುಂದೆ ಬಂದು ಕೂತರು.

"ಅಂಬವ್ವಾ, ನಮ್ಮ ಅಕ್ಕ ತುಂಗಾ ಇಲ್ಲಿಗೆ ಬಂದಿದ್ಲೇನು ನೋಡು. ಹದಿನೆಂಟಕ್ಕ ಆಕೀ ಗಂಡ ಸತ್ತ. ನಮ್ಮಪ್ಪ ತಲಿ ಬೋಳಿಸಿ, ಯಾತ್ರಿ ಮಂದಿ ಕೂಡ ರೈಲು ಹತ್ತಿಸಿಬಿಟ್ಟ. ಪ್ರಯಾಗದಾಗ ಇಳದಾಕಿ ಮತ್ತ ರೈಲು ಹತ್ತಲಿಲ್ಲಂತ. ನಾನಾಗ ಹತ್ತು ವರ್ಷದಾಕಿ. ಹೊಳಿ ಪಾಲಾದ್ಲೋ, ಕಾಶಿ ಮುಟ್ಟಿದ್ಲೋ, ಅಷ್ಟು ತಿಳಿದ್ರ ಸಾಕು. ತಿಥಿ ಗೊತ್ತಾದ್ರ ಗಂಗಿಯೊಳಗ ಒಂದು ಬೊಗಸಿ ನೀರು ಬಿಡ್ತೀನಿ."

ಆ ಸೀಮೆಯವರೆಲ್ಲ ತಲೆತಲಾಂತರದಿಂದ ಈ ಮನೆಗೇ ಬರುವವರು. ಅಂಬುಜಾಕ್ಷಿ ತುಂಗಾಳ ತವರೂರಿನ ಕಟ್ಟು ಬಿಚ್ಚಿದಳು, ಅವಳ ಗಂಡನ ಊರಿನ ಕಟ್ಟು ಬಿಚ್ಚಿದಳು. ಎರಡರಲ್ಲೂ ತುಂಗಾ ಇರಲಿಲ್ಲ.

"ಬಂದಿಲ್ಲ ಮೌಶಿ," ಎಂದುಬಿಟ್ಟಳು.

ಸುಂದರಮ್ಮ ಅಳಲಿಲ್ಲ. ಆದರೆ ಮರುದಿನದಿಂದ ಸ್ನಾನಕ್ಕೆ ಗಂಗೆಗೆ ಇಳಿಯುವುದನ್ನು ಬಿಟ್ಟರು. "ಪ್ರಯಾಗದಾಗ ಆಕಿನ್ನ ನುಂಗಿದ್ದೂ ಇದ ನೀರಲ್ಲೇನವ್ವಾ," ಎಂದರು. ಊಟವೂ ಅರ್ಧಕ್ಕರ್ಧ ಇಳಿಯಿತು.

ತಾನು ಆಡಿದ ಒಂದು ಮಾತು ಹಿರಿಯ ಜೀವವನ್ನು ಹೀಗೆ ತಿನ್ನುವುದನ್ನು ಅಂಬುಜಾಕ್ಷಿಗೆ ನೋಡಲಾಗಲಿಲ್ಲ. ಎಂಟನೆಯ ದಿನ, ಚೀಟಿಗಳನ್ನು ಬಿಟ್ಟು ಮೂಲ ವಹಿಯನ್ನೇ ಇಳಿಸಿ ಪುಟ ಪುಟ ಓದತೊಡಗಿದಳು. ಹತ್ತು ಪುಟ ಹೋಗಿರಬೇಕು, ಬೆರಳು ನಿಂತಿತು. ಅಲ್ಲೊಂದು ಹೆಸರಿನ ಮುಂದೆ ಊರಿನ ಜಾಗ ಖಾಲಿಯಿತ್ತು. ಚೀಟಿ ಬರೆಯುವಾಗ ಇಂಥವು ಎದುರಾಗಿದ್ದವು. ಊರಿಲ್ಲದ ಹೆಸರನ್ನು ಯಾವ ಕಟ್ಟಿಗೆ ಸೇರಿಸುವುದೆಂದು ತೋಚದೆ, ಆಮೇಲೆ ನೋಡೋಣವೆಂದು ದಾಟಿಹೋಗಿದ್ದಳು. ಆ 'ಆಮೇಲೆ' ಬಂದೇ ಇರಲಿಲ್ಲ. ಚೀಟಿ ಇಲ್ಲದವರನ್ನು ಬಂದೇ ಇಲ್ಲದವರೆಂದು ಎಷ್ಟು ಜನರಿಗೆ ಹೇಳಿ ಕಳಿಸಿದ್ದಳೋ!

ಊಟ ಬಿಟ್ಟು ಕೂತಳು. ಊರಿಲ್ಲದವರು ನಲವತ್ತಮೂರು ಜನ. ಅವರಲ್ಲಿ ತುಂಗಾ ಎಂಬುವವರು ಮೂವರು. ಸುಂದರಮ್ಮನ ಅಕ್ಕನ ಗಂಡನದು ಕೌಶಿಕ ಗೋತ್ರ. ಒಬ್ಬಳದು ಭಾರದ್ವಾಜ, ಇನ್ನೊಬ್ಬಳದು ಆತ್ರೇಯ, ಅವರಿಬ್ಬರೂ ಅಲ್ಲ. ಮೂರನೆಯವಳ ಗೋತ್ರದ ಜಾಗವೂ ಖಾಲಿ. ಅಭ್ಯಾಸಬಲದಿಂದ ಬೆರಳು ಮುಂದಿನ ಸಾಲಿಗೆ ಜಾರಿತು, ಅವಳೇ ಹಿಡಿದು ನಿಲ್ಲಿಸಿದಳು. ಬರೆದಿಲ್ಲ ಎಂದರೆ ಅಲ್ಲ ಎಂದಲ್ಲ. ಹಾಗಂತ ಹೌದು ಎಂದೂ ಅಲ್ಲ. ಅದೇ ಸಾಲನ್ನು ಕೊನೆಯವರೆಗೆ ಓದಿದಳು. ಓದಿದವಳೇ ವಹಿಯನ್ನು ಎದೆಗವಚಿಕೊಂಡು ಮಹಡಿ ಹತ್ತಿದಳು.

"ಮೌಶಿ, ತಪ್ಪಾತು, ನಂದ ತಪ್ಪು. ಕೇಳ್ರಿ. ಹೆಸರು ತುಂಗಾ. ಊರು ಬರದಿಲ್ಲ. ಗೋತ್ರ ಬರದಿಲ್ಲ. ಹೇಳಿಕಳಿಸಬೇಕಾದವರು..." ಅವಳು ಆ ಸಾಲಿನ ಕೊನೆಗೆ ಬೆರಳಿಟ್ಟಳು. "ತಂಗಿ, ಸುಂದರಿ."

ಸುಂದರಮ್ಮ ಕೈ ಚಾಚಿ ವಹಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಆ ಸಾಲಿನ ಕೆಳಗೆ ಅಂಬುಜಾಕ್ಷಿಯ ಮಾವನವರ ಅಕ್ಷರದಲ್ಲಿತ್ತು: ಪ್ಲವ ಸಂವತ್ಸರ, ಕಾರ್ತಿಕ ಬಹುಳ ಏಕಾದಶಿ, ಜ್ವರದಿಂದ ತೀರಿಕೊಂಡರು. ತಂಗಿಗೆ ಎಲ್ಲಿ ಹೇಳಿಕಳಿಸುವುದೋ ತಿಳಿಯದು.

"ಮುಟ್ಟಿದ್ಲು," ಎಂದರು ಸುಂದರಮ್ಮ. "ಅಂಬವ್ವಾ, ಮುಟ್ಟಿದ್ಲು ನಮ್ಮಕ್ಕ. ಅಪ್ಪನ ಹೆಸರು ಹೇಳಿಲ್ಲ, ಅತ್ತೀಮನಿ ಹೆಸರು ಹೇಳಿಲ್ಲ. ನನ್ನೊಬ್ಬಾಕೀದ ಹೇಳ್ಯಾಳ." ಐವತ್ತು ವರ್ಷ ಕಟ್ಟಿಟ್ಟಿದ್ದ ಅಳು ಆಗ ಬಂತು. ಅಂಬುಜಾಕ್ಷಿ ಅವರ ಬೆನ್ನು ಸವರುತ್ತ ತಾನೂ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು, ಖಾಲಿ ಜಾಗದಲ್ಲಿ ಊರು ಬರೆಯಲೆಂದು ಪೆನ್ನು ತೆಗೆದಳು. ಸುಂದರಮ್ಮ ಅವಳ ಕೈ ಹಿಡಿದರು.

"ಅದು ಬ್ಯಾಡ. ತನ್ನ ಹೊರಗ ಹಾಕಿದ ಊರಿನ ಹೆಸರು ಆಕೀಗೆ ಬ್ಯಾಡಾಗಿತ್ತು. ನಾವ್ಯಾಕ ಬರೀಬೇಕು? ಇಲ್ಲಿ ನನ್ನ ಹೆಸರಿನ ಮುಂದ ಬರಿ ನನ್ನವ್ವಾ, ತಂಗಿ ಬಂದಾಳ ಅಂತ."